ಕೈಗೊಂದು ಭಾನುವಾರ

ಓಟಾಹುಹು, ಆಕ್ಲೆಂಡ್
8 ಮಾರ್ಚ್ 1998

ಪ್ರೀತಿಯ ಲುಸೆಯಾನೆ ಅತ್ತಿಗೆಗೆ,

ಹೋದ ವಾರ ಫೋನಿನಲ್ಲಿ ನಿಮ್ಮ ತಮ್ಮ ನಿಮಗೆ ಏನೂ ಹೇಳಲಿಲ್ಲವೆಂದು ನನಗೆ ಗೊತ್ತು. ಪಕ್ಕದಲ್ಲೇ ನಿಂತಿದ್ದೆ. "ಎಲ್ಲಾ ಚೆನ್ನಾಗಿದೀವಿ ಅಕ್ಕ, ಗೆಣಸು ಹೇಗೆ ಬಂದಿದೆ?" ಎಂದು ಕೇಳಿ ಇಟ್ಟುಬಿಟ್ಟರು. ಅಕ್ಕನ ಎದುರು ತಮ್ಮನಾದವನು ಮೈಯ ಮಾತು, ರೋಗದ ಮಾತು ಎತ್ತಬಾರದಲ್ಲ. ಆ ಮರ್ಯಾದೆಯನ್ನು ಫೆಲೆತಿ ಚಾಪೆಯ ಹಾಗೆ ಸುತ್ತಿ ಇಲ್ಲಿಗೂ ತಂದಿದ್ದಾರೆ. ಹಾಗಾಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ನಮ್ಮ ಮಗು ಸಿಯಾಲೆಗೆ ಹುಷಾರಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಅವಳ ಬಲಗೈ ಹೆಬ್ಬೆರಳು ಅದುರತೊಡಗಿತು. ಮೊದಲು ಆಟವೆಂದುಕೊಂಡೆವು. ಈಗ ಮೊಣಕೈವರೆಗೂ ಬಂದಿದೆ, ನಿಲ್ಲುವುದೇ ಇಲ್ಲ. ನಿದ್ದೆಯಲ್ಲಿ ಅವಳ ಎದೆ ಮೆಲ್ಲಗೆ ಏರಿಳಿಯುತ್ತದೆ, ಮುಖ ತಿಳಿಯಾಗಿರುತ್ತದೆ, ಕೈ ಮಾತ್ರ ಇನ್ಯಾರದೋ ಕೆಲಸಕ್ಕೆ ಹೋದ ಹಾಗೆ ಹಾಸಿಗೆಯನ್ನು ಬಡಿಯುತ್ತಿರುತ್ತದೆ. ಕೆಲವು ಸಲ ಬಾಯಿಯ ಬಲತುದಿಯೂ ಸೆಳೆಯುತ್ತದೆ, ಆಗ ಮಾತು ನಿಂತುಹೋಗುತ್ತದೆ.

ಹೋದ ವರ್ಷ ಅಲ್ಲಿಗೆ ಬಂದಾಗ ನೀವೆಲ್ಲ ದಿಮ್ಮಿಯ ಮುಂದೆ ಸಾಲಾಗಿ ಕೂತು ಮರದ ತೊಗಟೆಯನ್ನು ಕೊಡತಿಯಿಂದ ಬಡಿದು ನಾರುಬಟ್ಟೆ ಮಾಡುವುದನ್ನು ಇವಳು ಬಿಡುಗಣ್ಣಿನಿಂದ ನೋಡುತ್ತಿದ್ದಳಲ್ಲ. ಮೊನ್ನೆ ನನಗೆ ಹೇಳಿದಳು: "ಅಮ್ಮಾ, ನನ್ನ ಕೈ ಅತ್ತೆ ಮನೇಲಿ ಬಟ್ಟೆ ಬಡೀತಿದೆ." ಚರ್ಚಿನಲ್ಲಿ ಅದನ್ನು ಹಾಡಿನ ಪುಸ್ತಕದ ಕೆಳಗೆ ಬಚ್ಚಿಡುತ್ತಾಳೆ. ಪುಸ್ತಕ ಕುಣಿಯುತ್ತದೆ, ಹಿಂದಿನ ಸಾಲಿನವರು ನೋಡುತ್ತಾರೆ. ಹೋದ ವಾರ ಅಪ್ಪನ ಕಿವಿಯಲ್ಲಿ ಕೇಳಿದಳು: "ಭಾನುವಾರಾನೂ ಕೆಲಸ ಮಾಡ್ತದಲ್ಲಪ್ಪಾ ಇದು. ದೇವರು ಬೈಯಲ್ವಾ?" ಫೆಲೆತಿ ಎದ್ದು ಹೊರಗೆ ಹೋದವರು ಪ್ರಾರ್ಥನೆ ಮುಗಿಯುವವರೆಗೂ ಒಳಗೆ ಬರಲಿಲ್ಲ.

ಮೈಯ ಬಲಭಾಗವನ್ನು ನಡೆಸುವ ಮಿದುಳಿನ ಎಡ ಅರ್ಧದಲ್ಲಿ ಉರಿಯೂತವಿದೆಯಂತೆ. ತುಂಬ ಅಪರೂಪದ್ದು. ಮೊದಲು ಗುರುತಿಸಿದ ರಾಸ್ಮುಸೆನ್ ಎಂಬ ಡಾಕ್ಟರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಮೈಯನ್ನು ಕಾಯಬೇಕಾದದ್ದೇ ಮಿದುಳನ್ನು ಶತ್ರುವೆಂದು ತಿಳಿದು ಸುಡುತ್ತದಂತೆ. ಯಾಕೆ, ಯಾಕೆ ಒಂದೇ ಕಡೆ ಎಂದು ಕೇಳಿದರೆ ಅವಳನ್ನು ನೋಡುವ ಡಾಕ್ಟರ್ ಲಿಡ್ಡೆಲ್ "ಗೊತ್ತಿಲ್ಲ" ಎನ್ನುತ್ತಾರೆ. ಅವರು ಹಾಗೆ ಹೇಳಿದ್ದರಿಂದಲೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು. ಸೆಳೆತದ ಮಾತ್ರೆಗಳಿಗೆ ಕೈ ಬಗ್ಗಲಿಲ್ಲ. ಇನ್ನು ಸ್ಟೀರಾಯ್ಡ್, ಜೊತೆಗೆ ಸಾವಿರಾರು ಜನರ ರಕ್ತದಿಂದ ಸೋಸಿ ತೆಗೆದ ಒಂದು ಔಷಧವನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ. ಉರಿ ತಗ್ಗಬಹುದು, ತಗ್ಗದೆಯೂ ಇರಬಹುದು. ಅದೂ ಆಗದಿದ್ದರೆ ಆಪರೇಷನ್ ಎಂದರು, ಆ ಮಾತು ಈಗ ಬೇಡ ಎಂದೂ ಅಂದರು. ಆದರೆ ಆಡಿದ ಮಾತು ಹೋಗಲಿಲ್ಲ, ನಮ್ಮ ಮನೆಯ ಕುರ್ಚಿಯಲ್ಲೇ ಕೂತಿದೆ.

ಫೆಲೆತಿಯದು ಒಂದೇ ಮಾತು: "ಅಕ್ಕ ಏನಂತಾಳೋ ಅದು." ನೀವು ಅವಳ ಸೋದರತ್ತೆ, ಅವಳಿಗೆ ಹೆಸರಿಟ್ಟವರು. ನಿಮ್ಮ ಮಾತಿಲ್ಲದೆ ಇಲ್ಲಿ ಏನೂ ನಡೆಯುವುದಿಲ್ಲ.

ನಿಮ್ಮ
ಅಕೊಸಿತಾ


ಹೊಲೊಂಗಾ, ವವಾವು ದ್ವೀಪ
2 ಏಪ್ರಿಲ್ 1998

ಅಕೊಸಿತಾ,

ಗೆಣಸಿನ ಬಗ್ಗೆ ನನ್ನ ತಮ್ಮ ಜನ್ಮದಲ್ಲಿ ತಲೆ ಕೆಡಿಸಿಕೊಂಡವನಲ್ಲ, ತಟ್ಟೆಗೆ ಬಿದ್ದ ಮೇಲೆ ಬಿಟ್ಟು. ಅವನು ಕೇಳಿದಾಗಲೇ ಏನೋ ಇದೆ ಎಂದುಕೊಂಡೆ.

ಆ ಸಾವಿರ ಜನರ ರಕ್ತದ ವಿಷಯ ಇಲ್ಲಿ ಹೆಂಗಸರಿಗೆ ಓದಿ ಹೇಳಿದೆ. ಅಷ್ಟೂ ಜನ ಈಗ ನಮಗೆ ನೆಂಟರಾದರಲ್ಲ, ಅವರ ಸಾವಿನ ಮನೆಗೆಲ್ಲ ಒಯ್ದು ಕೊಡಲು ಚಾಪೆ ನೇಯುವವರು ಯಾರು ಎಂದು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ತಲೆಯ ರೋಗವೆಂದ ಮೇಲೆ ಮೊದಲು ಗೋರಿ ನೋಡಬೇಕು. ನೀನು ಇಂಗ್ಲಿಷ್ ಶಾಲೆಯಲ್ಲಿ ಓದಿ, ಅಂಥ ಶಾಲೆಯಲ್ಲೇ ಕಲಿಸುವವಳು, ಹಗುರವಾಗಿ ತೆಗೆದುಕೊಳ್ಳುತ್ತೀಯೇನೋ. ಸತ್ತವರ ಮೂಳೆಗೆ ಬೇರು ಚುಚ್ಚಿದರೆ ಬದುಕಿದವರಿಗೆ ಅದೇ ಜಾಗದಲ್ಲಿ ನೋವೇಳುತ್ತದೆ, ಅದು ನನ್ನ ಅಜ್ಜಿಗೂ ಗೊತ್ತಿತ್ತು. ಅಪ್ಪ ಹೋದಮೇಲೆ ಗೋರಿ ಬಳಿ ಗಾಳಿಮರ ಎದ್ದಿದೆ. ಪಾದ್ರಿಯ ಹತ್ತಿರ ಅನುಮತಿ ಕೇಳಲು ಹೋದರೆ "ನೀವು ಹೇಳಲಿಲ್ಲ, ನಾನು ಕೇಳಲಿಲ್ಲ" ಎಂದ. ಗುದ್ದಲಿಯನ್ನು ಮಾತ್ರ ಬಾಗಿಲ ಹೊರಗೆ ಒರಗಿಸಿಟ್ಟಿದ್ದ.

ಬೆಳಗಾಗುತ್ತಿದ್ದಂತೆ ಅಗೆದೆವು. ಬಿಳಿ ಮರಳು ಸಕ್ಕರೆಯ ಹಾಗೆ ಸರಿಯಿತು. ಅಕೊಸಿತಾ, ಸುಳ್ಳು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಬೆರಳಷ್ಟು ದಪ್ಪದ ಬೇರು ಎಡಗಿವಿಯ ತೂತಿನಿಂದ ಒಳಹೊಕ್ಕು ತಲೆಬುರುಡೆಯ ಎಡಭಾಗದ ತುಂಬ ಹೆಣೆದುಕೊಂಡಿತ್ತು, ಹಕ್ಕಿಗೂಡಿನ ಹಾಗೆ. ಎಡಭಾಗ! ನಿನ್ನ ಡಾಕ್ಟರ್ ಹೇಳಿದ ಕಡೆಯೇ. ಮೀನು ಕೊಯ್ಯುವ ಚಾಕುವಿನಿಂದ ಒಂದೊಂದೇ ಎಳೆ ಬಿಡಿಸಿ ತೆಗೆದೆ, ಗಂಧದ ಎಣ್ಣೆ ಹಚ್ಚಿದೆ, ಹೊಸ ನಾರುಬಟ್ಟೆಯಲ್ಲಿ ಸುತ್ತಿ ಮಲಗಿಸಿದೆ. "ಅಪ್ಪಾ, ಇನ್ನು ಹಾಯಾಗಿ ಮಲಕ್ಕೋ, ಮೊಮ್ಮಗಳಿಗೂ ಮಲಗೋಕೆ ಬಿಡು" ಎಂದೆ.

ಮಗುವಿಗೆ ಹೇಳು, ಅತ್ತೆಯ ಮನೆಯಲ್ಲಿ ಬಡಿಯಲು ಬೇಕಾದಷ್ಟು ಕೈಗಳಿವೆ, ನಿನ್ನದನ್ನು ವಾಪಸು ಕರೆಸಿಕೋ ಎಂದು. ನಮ್ಮಲ್ಲಿ ಕೊಡತಿ ನಿಲ್ಲುವುದು ಎರಡಕ್ಕೇ, ಭಾನುವಾರಕ್ಕೆ ಮತ್ತು ಸಾವಿಗೆ. ಈಗ ಮೂರನೆಯದಕ್ಕೆ, ಸಿಯಾಲೆಗಾಗಿ ನಿಲ್ಲಲಿ. ಯಾವತ್ತು ನಿಂತಿತು ಎಂದು ಬರೆ.

ಲುಸೆಯಾನೆ


ಓಟಾಹುಹು
26 ಏಪ್ರಿಲ್ 1998

ಪ್ರೀತಿಯ ಅತ್ತಿಗೆ,

ನಿಂತಿದೆ.

ನಿಮ್ಮ ಪತ್ರ ಬರುವ ಮೊದಲೇ, ಒಂದು ಗುರುವಾರ, ಸ್ನಾನ ಮಾಡಿಸುವಾಗ ನಿಂತಿತು. ನೀರಿನಲ್ಲಿ ಯಾವಾಗಲೂ ಅವಳ ಬಲಗಡೆ ಸಣ್ಣ ಅಲೆಗಳು ಏಳುತ್ತಿದ್ದವು. ಅವತ್ತು ನೀರು ಸುಮ್ಮನಾಯಿತು. ಇಬ್ಬರೂ ನೀರನ್ನೇ ನೋಡುತ್ತ ಕೂತೆವು. "ಕೈ ಮನೆಗೆ ಬಂತು" ಎಂದಳು. ಆಮೇಲೆ ಆ ಕೈಯಲ್ಲೇ ಬಳಪ ಹಿಡಿದು ನಿಮ್ಮನ್ನು ಬರೆದಳು. ಚಿತ್ರವನ್ನು ಜೊತೆಗಿಟ್ಟಿದ್ದೇನೆ. ಕೊಡತಿ ನಿಮಗಿಂತ ದೊಡ್ಡದಾಗಿದೆ, ಬೇಸರಿಸಬೇಡಿ.

ಪತ್ರ ಬಂದಾಗ ಫೆಲೆತಿ ಅದನ್ನು ಎರಡು ಸಲ ಓದಿ ದಿನ ಲೆಕ್ಕ ಹಾಕಿದರು. ನೀವು ಗೋರಿ ಅಗೆದ ವಾರವೇ ಕೈ ನಿಂತಿದ್ದು. ಅದೇ ವಾರ ಡ್ರಿಪ್ ಕೂಡ ಮುಗಿದಿತ್ತು. ಎರಡನ್ನೂ ನಿಮಗೆ ಹೇಳಬೇಕೆನಿಸಿತು, ಹೇಳಿದ್ದೇನೆ. ಡಾಕ್ಟರ್ ಲಿಡ್ಡೆಲ್‌ಗೆ ಮಾತ್ರ ಬೇರಿನ ವಿಷಯ ಹೇಳಲಿಲ್ಲ. ನಾಚಿಕೆಗೋ, ಅವರು ಅದಕ್ಕೊಂದು ವಿವರಣೆ ಕೊಟ್ಟುಬಿಡುತ್ತಾರೆಂಬ ಹೆದರಿಕೆಗೋ ನನಗೇ ಸ್ಪಷ್ಟವಿಲ್ಲ. ಬೇರು ಬಿಡಿಸುವ ನಿಮ್ಮ ಬೆರಳುಗಳು ಈಗ ನಿದ್ದೆಯಲ್ಲಿ ಕಾಣಿಸುತ್ತವೆ. ಎದ್ದಾಗ ನನ್ನ ಕೈಗೂ ಎಣ್ಣೆಯ ವಾಸನೆ ಇದೆಯೇ ಎಂದು ಮೂಸಿ ನೋಡುತ್ತೇನೆ.

ಪೂರ್ತಿ ವಾಸಿಯಾಯಿತು ಎನ್ನಲಾಗದು, ಮತ್ತೆ ಬರಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಆದರೆ ಇವತ್ತು ನಿಂತಿದೆ.

ನಿಮ್ಮ ಋಣದಲ್ಲಿರುವ
ಅಕೊಸಿತಾ


ಹೊಲೊಂಗಾ
24 ಮೇ 1998

ಅಕೊಸಿತಾ,

ಹೇಗೆ ಬರೆಯಲಿ. ಇಲ್ಲಿ ಊರೆಲ್ಲ ನಗುತ್ತಿದೆ, ನಾನು ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ನಿನ್ನೆ ಕಬ್ಬು ಅಗಿಯುತ್ತಾ ಕೂತಿದ್ದೆ. ಹಲ್ಲಿಗೆ ಸಿಪ್ಪೆ ಸಿಕ್ಕಿಕೊಂಡಿತು. ತೆಗೆಯುವಾಗ ಥಟ್ಟನೆ ಹೊಳೆಯಿತು: ಆ ತಲೆಬುರುಡೆಗೆ ಹಲ್ಲುಗಳಿದ್ದವು! ಮುತ್ತಿನ ಸರದ ಹಾಗೆ, ಮುಂದಿನವು ಎಲ್ಲಾ ಇದ್ದವು. ನಮ್ಮಪ್ಪನಿಗೆ ಮುಂದಿನ ಹಲ್ಲೇ ಇರಲಿಲ್ಲವಲ್ಲೇ. ಫೆಲೆತಿಯ ನಾಮಕರಣದ ದಿನ ಬಾಟಲಿಯ ಮುಚ್ಚಳ ಕಚ್ಚಿ ತೆಗೆಯಲು ಹೋಗಿ ಎರಡನ್ನೂ ಕಳಕೊಂಡಿದ್ದ. ಸಾಯುವವರೆಗೂ ಹಾಡುವಾಗ ಸೀಟಿ ಹೊಡೆದ ಹಾಗೆ ಕೇಳುತ್ತಿತ್ತು.

ಆ ದೊಡ್ಡ ಚಂಡಮಾರುತದಲ್ಲಿ ಗೋರಿಗಳ ಗುರುತಿನ ಕಲ್ಲುಗಳೆಲ್ಲ ಚದುರಿದ್ದವು. ಯಾರೋ ಎತ್ತಿ ಅಂದಾಜಿನ ಮೇಲೆ ಇಟ್ಟಿದ್ದಾರೆ. ನಾವು ಅಗೆದದ್ದು ಅಪ್ಪನನ್ನಲ್ಲ, ಪಕ್ಕದಲ್ಲಿದ್ದ ಚಿಕ್ಕಪ್ಪ ಕಲಾಫಿಯನ್ನು. ಮದುವೆಯಾಗದೆ, ಒಂದು ಮೀನೂ ಹಿಡಿಯದೆ, ಜೀವನವಿಡೀ ತಲೆನೋವು ಎಂದು ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿರುತ್ತಿದ್ದವನು. "ಸೋಮಾರಿತನಕ್ಕೆ ತಲೆನೋವು ಅಂತ ಹೆಸರಿಟ್ಟಿದಾನೆ" ಎಂದು ಅಜ್ಜಿ ಬೈಯುತ್ತಿದ್ದಳು. ಪಾದ್ರಿಯ ಹೆಂಡತಿ ಈಗ ಹೇಳುತ್ತಾಳೆ: "ಹೋಗಲಿ ಬಿಡು ಲುಸೆಯಾನೆ, ಕಲಾಫಿಗಾದರೂ ವಾಸಿಯಾಯ್ತಲ್ಲ."

ಆದರೆ ಮಗುವಿನ ಕೈ ನಿಂತಿತಲ್ಲ? ಅದು ಹೇಗೆ? ಅಪ್ಪನ ಗೋರಿಯನ್ನು ಮತ್ತೆ ನೋಡಬೇಕು. ಪಾದ್ರಿ ಈಗ ಗುದ್ದಲಿಯ ಹಿಡಿ ಮುರಿದಿದೆ ಎನ್ನುತ್ತಿದ್ದಾನೆ.

ಕೈ ಈಗಲೂ ಸುಮ್ಮನಿದೆ ತಾನೇ? ಬೇಗ ಬರೆ.

ಲುಸೆಯಾನೆ


ಓಟಾಹುಹು
14 ಜೂನ್ 1998

ಪ್ರೀತಿಯ ಅತ್ತಿಗೆ,

ನಿಮ್ಮ ಪತ್ರ ಓದಿ ನಾನು ನಕ್ಕೆ. ಎಷ್ಟೋ ದಿನಗಳ ಮೇಲೆ, ಆಸ್ಪತ್ರೆಯ ಮೊಗಸಾಲೆಯಲ್ಲಿ, ಒಬ್ಬಳೇ. ಆಮೇಲೆ ನಗು ಎಲ್ಲಿ ಮುಗಿಯಿತೆಂದು ತಿಳಿಯಲಿಲ್ಲ.

ಕೈ ಮತ್ತೆ ಶುರುವಾಗಿದೆ. ಈಗ ಕಾಲೂ ಸೇರಿದೆ. ಎರಡನೆಯ ಸಲದ ಡ್ರಿಪ್‌ಗೆ ಅದು ಕಿವಿಗೊಡಲಿಲ್ಲ. ಸ್ಟೀರಾಯ್ಡ್‌ನಿಂದ ಅವಳ ಮುಖ ಊದಿಕೊಂಡು ಹುಣ್ಣಿಮೆಯ ಹಾಗಾಗಿದೆ. ಸ್ಕ್ಯಾನಿನಲ್ಲಿ ಎಡಗಡೆ ಬತ್ತುತ್ತಿರುವುದು ನನಗೂ ಕಾಣುತ್ತದೆ, ನೀರು ಇಳಿದ ಮೇಲೆ ದಡ ಕಾಣುವ ಹಾಗೆ. ಮಾತುಗಳೂ ಹೋಗುತ್ತಿವೆ. ಮೊದಲು ಬಣ್ಣಗಳ ಹೆಸರು ಹೋಯಿತು. ಆಮೇಲೆ ತಿಂಡಿಗಳದು. ನೀರು ಬೇಕಾದರೆ "ಅದು" ಎನ್ನುತ್ತಾಳೆ, ಹಾಡು ಬೇಕಾದರೂ "ಅದು."

ಕುರ್ಚಿಯಲ್ಲಿ ಕೂತಿದ್ದ ಮಾತು ಈಗ ಎದ್ದು ನಿಂತಿದೆ. ಎಡ ಅರ್ಧವನ್ನು ಬಲ ಅರ್ಧದಿಂದ ಬೇರ್ಪಡಿಸುವ ಆಪರೇಷನ್. ಸೆಳೆತವನ್ನು ನಿಲ್ಲಿಸಲು ಅದೊಂದೇ ದಾರಿ ಎಂದರು. ಪೂರ್ತಿ ತೆಗೆಯುವುದಿಲ್ಲ. ಸ್ವಲ್ಪ ತೆಗೆದು, ಮಿಕ್ಕದ್ದನ್ನು ಅಲ್ಲೇ ಬಿಟ್ಟು, ನಡುವಿನ ದಾರಿಗಳನ್ನೆಲ್ಲ ಕತ್ತರಿಸುತ್ತಾರೆ. ಹತ್ತು ಮಕ್ಕಳಲ್ಲಿ ಏಳೆಂಟು ಮಕ್ಕಳಿಗೆ ಸೆಳೆತ ಪೂರ್ತಿ ನಿಲ್ಲುತ್ತದಂತೆ. ಮತ್ತೆ ನಡೆಯುತ್ತಾಳೆ, ಆದರೆ ಕುಂಟುತ್ತಾಳೆ. ಬಲಗೈಯನ್ನು ಎತ್ತಬಲ್ಲಳು, ಬೆರಳುಗಳು ಇನ್ನು ಯಾವತ್ತೂ ಸೂಕ್ಷ್ಮ ಕೆಲಸ ಮಾಡವು. ಎರಡು ಕಣ್ಣಿಗೂ ಬಲಗಡೆಯ ಅರ್ಧ ಲೋಕ ಕಾಣುವುದಿಲ್ಲ. ಮಾತು ಬರಬಹುದು, ಎಷ್ಟೆಂದು ಯಾರೂ ಹೇಳಲಾರರು. ಆಪರೇಷನ್ ಮಾಡದಿದ್ದರೆ ಇದೆಲ್ಲವೂ ಹೇಗೂ ಹೋಗುತ್ತದೆ, ನಿಧಾನವಾಗಿ, ಸೆಳೆತ ಮಾತ್ರ ಉಳಿಯುತ್ತದೆ.

ಗೋರಿ ಅಗೆಯಬೇಡಿ ಎಂದು ನಾನು ಹೇಳುವುದಿಲ್ಲ. ಅಗೆಯಿರಿ. ಆದರೆ ಅದಕ್ಕಾಗಿ ಕಾಯಲು ನಮಗೆ ಸಮಯವಿಲ್ಲ. ಒಪ್ಪಿಗೆ ಕೊಡಿ ಅತ್ತಿಗೆ.

ಅಕೊಸಿತಾ


ಹೊಲೊಂಗಾ
5 ಜುಲೈ 1998

ಅಕೊಸಿತಾ,

ಆಗದು.

ಹಂದಿಯನ್ನು ಸೀಳಿ ಪಾಲು ಹಂಚುವ ಹಾಗೆ ಮಗುವಿನ ತಲೆಯನ್ನು ಹಂಚುತ್ತಾರೆಯೇ? ತಲೆ ಎಂದರೆ ಏನೆಂದು ಆ ಡಾಕ್ಟರಿಗೆ ಗೊತ್ತೇ? ತನ್ನ ಅಪ್ಪನ ತಲೆಯನ್ನೂ ಮುಟ್ಟಬಾರದೆಂದು ನಾವು ಮಕ್ಕಳಿಗೆ ಕಲಿಸುವ ಜನ.

ಅವಳು ಹುಟ್ಟಿದಾಗ ಅಂಗಳದ ಹೂವಿನ ಹೆಸರಿಟ್ಟವಳು ನಾನು. ಆ ಹೆಸರು ಅವಳ ತಲೆಯ ಯಾವ ಅರ್ಧದಲ್ಲಿದೆ ಎಂದು ನಿನ್ನ ಡಾಕ್ಟರನ್ನು ಕೇಳು. ಕತ್ತರಿಸಿದ ಮೇಲೆ ನಾನು "ಸಿಯಾಲೆ" ಎಂದು ಕೂಗಿದರೆ ತಿರುಗಿ ನೋಡುವವರು ಯಾರು?

ನನ್ನ ತಮ್ಮನಿಗೆ ಹೇಳು, ಅಕ್ಕ ಬೇಡ ಎಂದಳೆಂದು.

ಲುಸೆಯಾನೆ


ಓಟಾಹುಹು
2 ಆಗಸ್ಟ್ 1998

ಅತ್ತಿಗೆ,

ನಿಮ್ಮ ಪ್ರಶ್ನೆಯನ್ನು ಇದ್ದ ಹಾಗೆಯೇ ಡಾಕ್ಟರ್ ಲಿಡ್ಡೆಲ್ ಮುಂದೆ ಇಟ್ಟೆ. ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟು ಕಿಟಕಿಯತ್ತ ನೋಡಿದರು. ಹೆಸರುಗಳು ಬಹುಶಃ ಎಡಗಡೆಯೇ ಇರುತ್ತವೆ, ನಾವು ಬೇರ್ಪಡಿಸುವ ಕಡೆಯೇ, ಎಂದರು. ಆಮೇಲೆ ಹೇಳಿದರು: ಮಗು ಚಿಕ್ಕದಿದ್ದರೆ ಮಾತು ಮನೆ ಬದಲಾಯಿಸುತ್ತದೆ. ಎಡಗಡೆ ಬೆಂಕಿ ಬಿದ್ದಿದೆ ಎಂದು ತಿಳಿದು ಬಲಗಡೆಗೆ ಸಾಮಾನು ಸಾಗಿಸಲು ಅದು ಈಗಾಗಲೇ ಶುರು ಮಾಡಿರಬಹುದು. ಆದರೆ ಉರಿಯುವ ಮನೆಯ ಗಲಾಟೆಯಲ್ಲಿ ಹೊಸ ಮನೆಯಲ್ಲೂ ನೆಲೆಯಾಗಲು ಆಗುವುದಿಲ್ಲ. ವಯಸ್ಸು ಹೆಚ್ಚಿದ ಹಾಗೆ ಸಾಗಿಸುವ ದೋಣಿಗಳೂ ಕಡಿಮೆಯಾಗುತ್ತವೆ.

ಬೇರ್ಪಟ್ಟ ಅರ್ಧ ಒಳಗೆ ಏನು ಮಾಡುತ್ತಿರುತ್ತದೆ ಎಂದು ಕೇಳಿದೆ. ರಕ್ತ ಹರಿಯುತ್ತಿರುತ್ತದೆ, ಬದುಕಿರುತ್ತದೆ, ಆದರೆ ಅಲ್ಲಿಂದ ಸುದ್ದಿ ಬರುವುದಿಲ್ಲ ಎಂದರು. ಅಂದಿನಿಂದ ನನಗೆ ಒಂದೇ ಕನಸು. ಸಿಯಾಲೆ ದಡದಲ್ಲಿ ಆಡುತ್ತಿದ್ದಾಳೆ, ಬೆನ್ನ ಹಿಂದೆ ದೋಣಿ ಹೋಗದ ಒಂದು ದ್ವೀಪ. ಅಲ್ಲಿ ಯಾರೋ ದೀಪ ಹಚ್ಚುತ್ತಾರೆ. ಯಾರೆಂದು ತಿರುಗಿ ನೋಡಲು ಅವಳಿಗೆ ಪುರುಸೊತ್ತಿಲ್ಲ. ಎದ್ದ ಮೇಲೆ ನನಗೆ ದುಃಖವಾಗುವುದಿಲ್ಲ, ಅದೇ ವಿಚಿತ್ರ.

ಇಲ್ಲಿಯ ಕಾನೂನಿನಂತೆ ನನ್ನ ಸಹಿಯೊಂದೇ ಸಾಕು. ಕಾಗದ ನನ್ನ ಚೀಲದಲ್ಲಿದೆ. ಯಾಕೆ ಹಾಕಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ನಿಮ್ಮ ಭಯವೇ ಎಂದರೆ ಅಲ್ಲ. ಅವಳು ಎದ್ದಾಗ, ಎದ್ದವಳು ಯಾರೇ ಆಗಿರಲಿ, ಅವಳಿಗೆ ನೀವೆಲ್ಲ ಇರಬೇಕು. ನಾನೊಬ್ಬಳೇ ಸಹಿ ಹಾಕಿ ಅವಳನ್ನು ನನ್ನೊಬ್ಬಳ ಮಗುವಾಗಿ ಮಾಡಿಬಿಟ್ಟರೆ ಅದೂ ಒಂದು ಕತ್ತರಿಸುವುದೇ ಅಲ್ಲವೇ?

ಆದರೆ ಈಗ ನಾನು "ಸಿಯಾಲೆ" ಎಂದರೂ ಅವಳು ಕೆಲವು ಸಲ ತಿರುಗುವುದಿಲ್ಲ. "ಅದು" ಕೂಡ ಹೋಯಿತು. ಈ ತಿಂಗಳು ಮುಗಿಯುವುದರೊಳಗೆ ನಿಮ್ಮ ಮಾತು ಬಾರದಿದ್ದರೆ ಸಹಿ ಹಾಕುತ್ತೇನೆ. ಕ್ಷಮಿಸಿ ಎನ್ನುವುದಿಲ್ಲ.

ಅಕೊಸಿತಾ


ಹೊಲೊಂಗಾ
18 ಆಗಸ್ಟ್ 1998

ಅಕೊಸಿತಾ,

ಈ ಪತ್ರವನ್ನು ವಿಮಾನಕ್ಕೆ ಹೊರಟವರ ಕೈಯಲ್ಲೇ ಕೊಟ್ಟಿದ್ದೇನೆ. ಬೇಗ ಸಿಗಲಿ.

ಮಾತು ಮನೆ ಬದಲಾಯಿಸುತ್ತದೆ ಎಂದು ಬರೆದಿದ್ದೆಯಲ್ಲ. ಅದನ್ನು ಓದಿ ತೀರಿಕೊಂಡ ನನ್ನ ಗಂಡ ಎದುರಿಗೆ ಬಂದು ಕೂತ ಹಾಗಾಯಿತು. ಅವನು ನಿಯುವಾಫೊವು ದ್ವೀಪದವನು, ನಿನಗೆ ಗೊತ್ತು. ಅವನು ಸಿಯಾಲೆಯಷ್ಟು ಇದ್ದಾಗ ಬೆಟ್ಟ ಬಾಯಿ ತೆರೆದು ಬೆಂಕಿ ಉಗುಳಿತು. ಎಲ್ಲರನ್ನೂ ಹಡಗಿಗೆ ಹತ್ತಿಸಿದರು. ಹಿರಿಯರು ಒಪ್ಪಲಿಲ್ಲವಂತೆ. "ಊರು ಬಿಟ್ಟ ಮೇಲೆ ನಾವು ಯಾರು?" ಎಂದು ಕೇಳಿದರಂತೆ. ನಾನು ನಿನ್ನನ್ನು ಕೇಳಿದ ಮಾತೇ ಅದು. ಬರೆಯುವಾಗ ನನಗೆ ನೆನಪಾಗಲಿಲ್ಲ ನೋಡು.

ಎವುವಾ ದ್ವೀಪದಲ್ಲಿ ಕಾಡು ಕಡಿದು ಕೊಟ್ಟರು. ಹೊಸ ನೆಲ, ಹೊಸ ಗಾಳಿ. ಇವರು ಏನು ಮಾಡಿದರು? ಬಿಟ್ಟು ಬಂದ ಊರುಗಳ ಹೆಸರನ್ನೇ ಹೊಸ ಊರುಗಳಿಗೆ ಇಟ್ಟರು. ಎಲ್ಲಾ ಹೆಸರೂ ಬಂದವು, ಒಂದೂ ಸುಡಲಿಲ್ಲ. ನನ್ನ ಗಂಡ ಕೊನೆಯವರೆಗೂ ಆ ಹೆಸರು ಹೇಳಿದಾಗ ಯಾವ ಊರನ್ನು ಹೇಳುತ್ತಿದ್ದಾನೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಕೇಳಿದರೆ "ಎರಡೂ ಒಂದೇ ಕಣೇ" ಎನ್ನುತ್ತಿದ್ದ.

ಹಳೆಯ ದ್ವೀಪ ಅಲ್ಲೇ ಇತ್ತು. ಯಾರೂ ಇಲ್ಲದಿದ್ದರೂ ತೆಂಗು ಕಾಯಿ ಬಿಡುತ್ತಿತ್ತು. ಹಂದಿಗಳು ಚರ್ಚಿನೊಳಗೆ ಮಲಗುತ್ತಿದ್ದವು. ಗಾಳಿ ಬಂದಾಗ ಗಂಟೆ ತಾನೇ ಹೊಡೆದುಕೊಳ್ಳುತ್ತಿತ್ತಂತೆ, ಯಾರು ಕೇಳಿದರೋ. ಆಮೇಲೆ ಕೆಲವರು ಮರಳಿ ಹೋದದ್ದೂ ಉಂಟು. ನಮ್ಮವನು ಹೋಗಲಿಲ್ಲ. ಕನಸಿನಲ್ಲಿ ಮಾತ್ರ ಹೋಗಿ ಬರುತ್ತಿದ್ದ, ಬೆಳಿಗ್ಗೆ ನಗುತ್ತಾ ಏಳುತ್ತಿದ್ದ. ನಿನ್ನ ಕನಸಿನ ದೀಪ ಅಲ್ಲಿಯದೇ ಇರಬೇಕು.

ಹಡಗು ಹೊರಡಲಿ. ನಾನು ಒಪ್ಪಿದ್ದೇನೆ.

ಒಂದು ಮಾತು. ಅವಳ ಕೂದಲನ್ನು ಯಾವ ನರ್ಸೂ ಮುಟ್ಟಬಾರದು. ಸಾವಿನ ಮನೆಯಲ್ಲಿ ತಮ್ಮನ ಮಕ್ಕಳ ಕೂದಲು ಕತ್ತರಿಸುವ ಕೈ ನನ್ನದು. ಇದು ಸಾವೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ಕತ್ತರಿ ನನ್ನದು. ನಾನು ಬರುತ್ತಿದ್ದೇನೆ.

ಲುಸೆಯಾನೆ


ಹೊಲೊಂಗಾ
22 ನವೆಂಬರ್ 1998

ಅಕೊಸಿತಾ,

ಊರು ಸೇರಿದೆ. ನಿಮ್ಮ ಆಕ್ಲೆಂಡಿನ ಚಳಿ ಇನ್ನೂ ನನ್ನ ಮಂಡಿಯಲ್ಲಿದೆ.

ಬಂದವರೆಲ್ಲ ಕೇಳುವುದು ಒಂದೇ ಕತೆ. ನಾನು ಸಾವಿನ ಮನೆಯ ಚಾಪೆಗಳನ್ನು ಹೊತ್ತುಕೊಂಡು ವಾರ್ಡಿನೊಳಗೆ ಬಂದದ್ದು. ಫೆಲೆತಿ ಬಿಳಿಚಿಕೊಂಡು "ಅಕ್ಕಾ, ಯಾರು ಹೋದರು?" ಎಂದದ್ದು. "ಯಾರೂ ಹೋಗಿಲ್ಲ ಕಣೋ, ಅರ್ಧ ಹೋಗೋದಿದೆ. ಮರ್ಯಾದೆಯಿಂದ ಕಳಿಸಿಕೊಡಬೇಡ್ವಾ?" ಎಂದು ನಾನಂದದ್ದು. ನೀನು ಸೂತಕದವರು ಉಡುವ ಹರಕು ಚಾಪೆಯನ್ನು ನಿನ್ನ ಶಾಲೆಯ ಉಡುಪಿನ ಮೇಲೆಯೇ ಸೊಂಟಕ್ಕೆ ಸುತ್ತಿಕೊಂಡೆಯಲ್ಲ, ಅದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ. ಒಂದು ಪಟ್ಟಿಯಷ್ಟು ಬೋಳಿಸಿದರೆ ಸಾಕು ಎಂದಿದ್ದಳು ಆ ಕೆಂಪು ಕೂದಲಿನ ನರ್ಸು. "ನಾವು ಅರ್ಧಂಬರ್ಧ ಕೆಲಸ ಮಾಡೋ ಜನ ಅಲ್ಲಮ್ಮ" ಎಂದೆ. ನೀನು ಅದನ್ನು ಇಂಗ್ಲಿಷಿಗೆ ಹೇಗೆ ಹೇಳಿದೆಯೋ, ಅವಳು ನನಗೆ ಕುರ್ಚಿ ತಂದುಕೊಟ್ಟಳು.

ಕತ್ತರಿಸುವಾಗ ಮಗು ಅಳಲಿಲ್ಲ. ಕೂದಲು ಮಡಿಲಿಗೆ ಬಿದ್ದದ್ದನ್ನು ಎಡಗೈಯಲ್ಲಿ ಸವರುತ್ತಿತ್ತು. ಬಲಗೈ ಬಡಿಯುತ್ತಲೇ ಇತ್ತು.

ಆಪರೇಷನ್ ಆದ ಮೇಲೆ ಗಾಜಿನ ಕೋಣೆಯಲ್ಲಿ ಅವಳನ್ನು ನೋಡಿದೆವಲ್ಲ. ಕೈ ನಿಂತಿತ್ತು. ನೀನು ಕೈಯನ್ನು ನೋಡಿದೆ, ಆಮೇಲೆ ನನ್ನ ಮುಖ ನೋಡಿದೆ. ಕೊಡತಿ ಎರಡಕ್ಕೇ ನಿಲ್ಲುತ್ತದೆ ಎಂದು ನಿನಗೆ ಬರೆದವಳು ನಾನೇ. ಇದು ಭಾನುವಾರಕ್ಕೋ ಸಾವಿಗೋ ಎಂದು ನೀನು ಕೇಳಲಿಲ್ಲ.

ಕೂದಲನ್ನು ನಾರುಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಮೊನ್ನೆ ಅಪ್ಪನ ಗೋರಿ ತೆರೆಸಿದೆ. ಈ ಸಲ ಸರಿಯಾದದ್ದನ್ನೇ, ಹಲ್ಲು ನೋಡಿಯೇ ಮುಂದುವರಿದೆ. ಅಕೊಸಿತಾ, ಅಲ್ಲಿ ಬೇರು ಇರಲಿಲ್ಲ. ಒಂದು ಎಳೆಯೂ ಇಲ್ಲ. ಅಪ್ಪನ ತಲೆ ಶಂಖದ ಹಾಗೆ ತೊಳೆದಿಟ್ಟಂತಿತ್ತು. ಯಾರ ತಪ್ಪೂ ಇಲ್ಲ. ಸತ್ತವರದೂ ಇಲ್ಲ. ಇದನ್ನು ತಿಳಿದು ನನಗೆ ಸಮಾಧಾನವಾಗಬೇಕಿತ್ತು. ಯಾರನ್ನಾದರೂ ಬೈಯಲು ಸಿಕ್ಕಿದ್ದರೆ ಚೆನ್ನಾಗಿತ್ತು ಎನಿಸಿತು. ಕೂದಲನ್ನು ಅವನ ಪಕ್ಕದಲ್ಲಿಟ್ಟು ಮುಚ್ಚಿದೆ. "ಅರ್ಧ ನಿನ್ನ ಹತ್ತಿರ ಇರಲಿ, ನೋಡ್ಕೋ" ಎಂದೆ.

ಅವಳು ಮಾತಾಡಿದಳೇ?

ನಿನ್ನ ಅತ್ತಿಗೆ
ಲುಸೆಯಾನೆ


ಓಟಾಹುಹು
11 ಮಾರ್ಚ್ 1999

ಪ್ರೀತಿಯ ಅತ್ತಿಗೆ,

ಡಿಸೆಂಬರಿನಲ್ಲಿ, ಜನವರಿಯಲ್ಲಿ, ಫೆಬ್ರವರಿಯಲ್ಲಿ ನಿಮಗೆ ಬರೆಯಲಿಲ್ಲ. ಬರೆಯಲು ಒಂದೇ ವಾಕ್ಯವಿತ್ತು, ಇನ್ನೂ ಇಲ್ಲ ಎಂದು. ಅದನ್ನು ಬರೆದು ಅಂಚೆಗೆ ಹಾಕಲು ಕೈ ಬರಲಿಲ್ಲ.

ಈಗ ಅವಳು ನಡೆಯುತ್ತಾಳೆ. ಬಲಗಾಲು ಸ್ವಲ್ಪ ತಡವಾಗಿ ಬರುತ್ತದೆ, ಕರೆದಾಗ ಹೊಸಿಲಲ್ಲಿ ನಿಂತು ಯೋಚಿಸಿ ಬರುವ ನೆಂಟರ ಹಾಗೆ. ಬಲಗಡೆಯ ಬಾಗಿಲು ಕಾಣದೆ ಅದಕ್ಕೇ ಡಿಕ್ಕಿ ಹೊಡೆಯುತ್ತಾಳೆ. ತಟ್ಟೆಯ ಎಡ ಅರ್ಧದ ಕೆಸುವಿನ ಗಡ್ಡೆ ಮುಗಿಸಿ ಇನ್ನೂ ಬೇಕೆಂದು ನೋಡುತ್ತಾಳೆ. ಫೆಲೆತಿ ತಟ್ಟೆಯನ್ನು ತಿರುಗಿಸಿಡುತ್ತಾರೆ, ಅವಳಿಗೆ ಅದು ಪ್ರತಿ ಸಲವೂ ಪವಾಡ. ಆಪರೇಷನ್ ಆದಾಗಿನಿಂದ ಒಂದೂ ಸೆಳೆತವಿಲ್ಲ. ಮುಂದೆಯೂ ಬಾರದಿರಬಹುದು, ಆದರೆ ವರ್ಷಗಟ್ಟಲೆ ಕಾದು ನೋಡಬೇಕು ಎಂದಿದ್ದಾರೆ. ಕಾಯುವುದನ್ನು ನಾನು ಕಲಿತಿದ್ದೇನೆ ಎಂದುಕೊಂಡಿದ್ದೆ. ಹಾಡು ಗುನುಗುತ್ತಾಳೆ, ನಗುತ್ತಾಳೆ, ಹೇಳಿದ್ದೆಲ್ಲ ತಿಳಿಯುತ್ತದೆ. ಮಾತು ಮಾತ್ರ ಇರಲಿಲ್ಲ. ಯಾರೂ ನೋಡದಿದ್ದಾಗ ನಾನು ಅವಳ ಬಲಗೈಯನ್ನು ನೋಡುತ್ತಿದ್ದೆ. ಅದು ಅವಳ ಮಡಿಲಲ್ಲಿ ಮಲಗಿರುತ್ತಿತ್ತು. ನಿಮ್ಮ ಮುಖದಲ್ಲಿ ಅವತ್ತು ಹುಡುಕಿದ ಉತ್ತರವನ್ನು ಅಲ್ಲಿ ಹುಡುಕುತ್ತಿದ್ದೆ.

ನಿನ್ನೆ ಶಾಲೆಯಿಂದ ಬಂದಾಗ ಅವಳು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿದ್ದರಷ್ಟೆ, ಒಮ್ಮೆಲೇ ಬೀದಿಯೆಲ್ಲ ಸದ್ದಡಗಿತ್ತು. ಬೆಕ್ಕನ್ನು ಸವರುವ ಹಾಗೆ ಎಡಗೈಯಿಂದ ಬಲಗೈಯನ್ನು ಸವರುತ್ತಿದ್ದಳು. ನನ್ನತ್ತ ನೋಡದೆ, ಯಾವಾಗಲೂ ಮಾತಾಡುತ್ತಿದ್ದವಳ ಹಾಗೆ ಹೇಳಿದಳು:

"ಭಾನುವಾರ."

ಅತ್ತಿಗೆ, ಇಷ್ಟು ತಿಂಗಳ ಮೇಲೆ ಬಂದ ಆ ಮೊದಲ ಮಾತಿಗೆ ನಾನು ಏನೆಂದೆ ಗೊತ್ತೇ? ಮೇಷ್ಟ್ರುಗಿರಿ ಎಲ್ಲಿ ಹೋಗುತ್ತದೆ. "ಇಲ್ಲಮ್ಮ, ಇವತ್ತು ಬುಧವಾರ" ಎಂದೆ.

ಅವಳಿಗೆ ನನ್ನ ಮೇಲೆ ಕನಿಕರ ಹುಟ್ಟಿರಬೇಕು. ಎಡಗೈಯಿಂದ ಬಲಗೈಯನ್ನು ಎತ್ತಿ, ಮಲಗಿದ ಕೂಸನ್ನು ಎಬ್ಬಿಸದೆ ಕೊಡುವ ಹಾಗೆ, ನನ್ನ ಅಂಗೈಯಲ್ಲಿಟ್ಟಳು. ಬೆಚ್ಚಗಿತ್ತು. ಅಲುಗಲಿಲ್ಲ.

"ಭಾನುವಾರ" ಎಂದಳು ಮತ್ತೆ, ನಿಧಾನವಾಗಿ, ನನಗೆ ಅರ್ಥವಾಗಲೆಂದು.

ಈ ಪತ್ರ ನಿಮಗೆ ಯಾವ ವಾರ ಸಿಗುತ್ತದೋ ತಿಳಿಯದು. ಯಾವ ವಾರವಾದರೂ ಸರಿ, ಅಂದು ಕೊಡತಿ ಕೆಳಗಿಡಿ.

ನಿಮ್ಮ ಸಿಯಾಲೆಯ ಅಮ್ಮ
ಅಕೊಸಿತಾ